ಸಾವ್ಕಾರರ ದನಿಯಲ್ಲಿ ಬಂದ ಹುಕುಂ

ಆ ಧ್ವನಿಸಂದೇಶವನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಈಗ ನಮ್ಮ ಸಾವ್ಕಾರರು ಎದುರಿಗೆ ಕೂತು ಮಾತಾಡಿದರೂ ಅದನ್ನೇ ಕೇಳಿ ಕಲಿತವರ ಹಾಗೆ ಅನ್ನಿಸುತ್ತದೆ.

"ಎರಡು ಗಾಡಿ ತುಂಬಿ ನಿಂತಾವಲ್ಲಮ್ಮಾ, ಅವು ಮಿಲ್ಲಿಗೆ ಬರೋದು ಬ್ಯಾಡ. ಕೆಳಗ ಗೋದಾಮಿನ ಪತ್ತಾ ಹಾಕೀನಿ ನೋಡು, ಅಲ್ಲಿಗೆ ಪಾಸು ಮಾಡಿ ಬಿಡು. ಲಗೂನ ಆಗ್ಬೇಕು. ನನ್ನ ಫೋನು ಕೆಟ್ಟೈತಿ, ಇದು ಬ್ಯಾರೆ ನಂಬರು. ಸರೇನಾ?"

ಕೊನೆಯಲ್ಲಿ ಸಣ್ಣದೊಂದು ಕೆಮ್ಮು. ಸಾವ್ಕಾರರು ಕಾಲುವೆ ಕೆಳಗಿನ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನಲ್ಲಿ ಬೆಳೆದವರು. ಅವರ ಕನ್ನಡ ನಮ್ಮದೇ, ಆದರೆ ಮಾತಿನ ತುದಿಗೆ ಆ ತೆಲುಗು 'ಸರೇನಾ' ಬಂದೇ ಬರುತ್ತದೆ. ಸಂದೇಶದಲ್ಲಿ ಅದೂ ಇತ್ತು. ಕೆಮ್ಮು ಇತ್ತೋ ಇಲ್ಲವೋ ಎಂಬುದನ್ನು ಮಾತ್ರ ನಾನು ಈಗ ಖಚಿತವಾಗಿ ಹೇಳಲಾರೆ. ಆಮೇಲೆ ನಾನು ಕೇಳಿದ ಬೇರೆ ಸಂದೇಶಗಳ ಕೆಮ್ಮು ಇದಕ್ಕೆ ಬಂದು ಸೇರಿಕೊಂಡಿರಬಹುದು. ಮೂಲ ಕಡತ ಪೊಲೀಸರ ಬಳಿ ಇದೆ. ಕೇಳಿ ನೋಡಬಹುದು. ಕೇಳಿಲ್ಲ.

ಸಿಂಧನೂರಿನಲ್ಲಿ ನಮ್ಮ ಅಕ್ಕಿ ಗಿರಣಿ. ಮಸ್ಕಿಯಲ್ಲಿ ಭತ್ತ ಖರೀದಿಯ ಯಾರ್ಡು, ಅಲ್ಲೊಂದು ಲಾರಿ ತೂಗುವ ಕಾಟಾ. ಲಿಂಗಸುಗೂರಿನಲ್ಲಿ ಬೀಜ, ಗೊಬ್ಬರದ ಅಂಗಡಿ. ಮೂರೂ ಕಡೆಯ ಕಂಪ್ಯೂಟರು, ಕ್ಯಾಮೆರಾ, ಬಿಲ್ಲಿನ ಸಾಫ್ಟ್‌ವೇರು ನೋಡಿಕೊಳ್ಳುವುದು ನನ್ನ ಕೆಲಸ. ಒಂದೇ ರಸ್ತೆ, ಅದೇ ಬಸ್ಸು. ಯಾವ ಊರಿನಲ್ಲಿ ಯಾವ ಯಂತ್ರ ಕೆಟ್ಟಿದೆಯೋ ಅಲ್ಲಿಳಿಯುತ್ತೇನೆ.

ಅವತ್ತು ಲಿಂಗಸುಗೂರಿನ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಗಿರಣಿಯ ಮ್ಯಾನೇಜರರ ಫೋನು ಬಂತು.

"ಮೇಡಂ, ಮಸ್ಕಿದು ಎರಡು ಗಾಡಿ ಇನ್ನೂ ಬಂದಿಲ್ಲ. ನಿಮ್ಮ ಸಾಫ್ಟ್‌ವೇರಿನಾಗ ಹೋಗ್ಯಾವ ಅಂತ ತೋರಸಾಕತ್ತೈತಿ. ಎಲ್ಲಿಗೆ ಹೋಗ್ಯಾವ?"

ನಾನು ಫೋನಿನಲ್ಲೇ ತೆರೆದು ನೋಡಿದೆ. ಹೋಗುವ ಊರಿನ ಜಾಗದಲ್ಲಿ ಸಿಂಧನೂರು ಇರಲಿಲ್ಲ. ನಾನು ಎಂದೂ ಕೇಳದ ಒಂದು ಗೋದಾಮಿನ ಹೆಸರಿತ್ತು. ಬಾಡಿಗೆ ಲಾರಿಯ ಡ್ರೈವರುಗಳಿಗೆ ಗೇಟ್ ಪಾಸಿನಲ್ಲಿ ಬರೆದ ಊರೇ ದಿಕ್ಕು. ಅವರು ನೇರ ಅಲ್ಲಿಗೆ ಹೋಗಿ, ಹಮಾಲರು ಇಳಿಸಿಕೊಂಡ ಮೇಲೆ ಸಹಿ ಹಾಕಿಸಿಕೊಂಡು, ಚಹಾ ಕುಡಿದು ತಮ್ಮ ಪಾಡಿಗೆ ತಾವು ಹೊರಟಿದ್ದರು. ಮ್ಯಾನೇಜರರು ಅಲ್ಲಿಗೆ ಜನ ಕಳಿಸುವ ಹೊತ್ತಿಗೆ ಗೋದಾಮು ಖಾಲಿ. ಬಾಡಿಗೆಗೆ ಹಿಡಿದವರ ಗುರುತು ಮಾಲೀಕನಿಗೂ ಗೊತ್ತಿಲ್ಲ.

ಪ್ರಿಂಟರನ್ನು ಹಾಗೇ ಬಿಟ್ಟು ಮಸ್ಕಿ ಬಸ್ಸು ಹತ್ತಿದೆ.

ಯಾರ್ಡಿನ ಗೇಟಿನಲ್ಲಿ ವಾಚ್‌ಮನ್ ಮುದುಕ ಬೀಡಿ ಹಚ್ಚುತ್ತಿದ್ದ. ನನ್ನನ್ನು ನೋಡಿ ಎದ್ದು ನಿಲ್ಲಲಿಲ್ಲ.

"ಬರ್ರಿ ಮೇಡಂ. ಗಾಡಿ ಹೋದ ಮ್ಯಾಲ ಗೇಟು ನೋಡಾಕ ಎಲ್ಲಾರೂ ಬರಾಕತ್ತೀರಿ."

ಕಾಟಾದ ಕೋಣೆಯಲ್ಲಿ ತೂಕ ನೋಡುವ ಹೆಂಗಸು ಕೂತಿದ್ದಳು. ಯಾರ್ಡು ಶುರುವಾದಾಗಿನಿಂದ ಕಾಟಾ ಆಕೆಯದೇ. ನನಗಿಂತ ಹಿರಿಯಳು. ನಾನು ಅಕ್ಕ ಅನ್ನುತ್ತೇನೆ. ಆಕೆ ನನ್ನನ್ನು ಸಮಾಧಾನ ಇದ್ದಾಗ ತಂಗಿ ಅಂತಲೂ ಸಿಟ್ಟು ಬಂದಾಗ ಮೇಡಂ ಅಂತಲೂ ಕರೆಯುತ್ತಾಳೆ. ಮೊದಲು ಅಲ್ಲಿ ತುಂಬಿಸುವುದಕ್ಕೆ ಒಬ್ಬ, ಪಾಸು ಬರೆಯುವುದಕ್ಕೆ ಒಬ್ಬ, ತೂಗುವುದಕ್ಕೆ ಆಕೆ ಇರುತ್ತಿದ್ದರು. ಸಾಫ್ಟ್‌ವೇರು ಬಂದ ಮೇಲೆ ಮೂರೂ ಕೆಲಸ ಒಂದೇ ಪರದೆಗೆ ಬಂದವು, ಉಳಿದಿಬ್ಬರು ಮನೆಗೆ ಹೋದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವುದೂ ಅವರ ಜೊತೆಗೇ ಹೋಯಿತು. ಅದು ಕೆಲಸ ಎಂದು ಯಾರ ಪಟ್ಟಿಯಲ್ಲೂ ಇರಲಿಲ್ಲ, ಹಾಗಾಗಿ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಆಕೆ ತನಗೆ ಬಂದ ಆ ಸಂದೇಶ ಹಚ್ಚಿ ಫೋನು ಮುಂದೆ ಇಟ್ಟಳು. ನಾನು ಕೇಳಿದೆ.

"ಈಗ ನೀವ ಹೇಳ್ರಿ ಮೇಡಂ. ಇದು ಅವ್ರಲ್ಲೇನು?"

"ಅವರೇ" ಅಂದೆ. ಹಾಗಂದೆ ಎಂದು ನನಗೆ ನೆನಪು. ನಾನು ಬರೇ ತಲೆಯಾಡಿಸಿದೆ ಎಂದು ಆಕೆ ಹೇಳುತ್ತಾಳೆ. ಎರಡರ ನಡುವೆ ದೊಡ್ಡ ಅಂತರವಿದೆ, ಯಾಕೆಂದರೆ ಆ ಕ್ಷಣದಲ್ಲಿ ಆಕೆಗೆ ಬೇಕಾಗಿದ್ದದ್ದು ಒಂದು ಮಾತು.

"ಹಳೇ ನಂಬರಿಗೆ ಒಂದು ಫೋನು ಮಾಡಿ ಕೇಳಬೇಕಿತ್ತಲ್ಲ ಅಕ್ಕಾ?"

"ಕೇಳಂಗಿಲ್ಲ ಅವ್ರನ್ನ ತಿರುಗಿ. ಗೊತ್ತಿಲ್ಲೇನು ನಿಮಗ?"

ಗೊತ್ತಿತ್ತು. ನಮ್ಮಲ್ಲಿ ಕಾಗದಕ್ಕಿಂತ ಬಾಯಿಮಾತು ದೊಡ್ಡದು. ಬೆಳಿಗ್ಗೆ ಭತ್ತದ ಧಾರಣೆಯನ್ನು ಸಾವ್ಕಾರರು ತಮ್ಮ ದನಿಯಲ್ಲೇ ಹೇಳಿ ರೈತರ ಗುಂಪುಗಳಿಗೆ ಕಳಿಸುತ್ತಾರೆ. ದಢೇಸುಗೂರು, ವಳಕಮದಿನ್ನಿ, ಮಸ್ಕಿಯ ಸುತ್ತಿನ ಊರುಗಳು, ಎಲ್ಲ ಕಡೆ ಹಾಲು ಕಾಯಿಸುವ ಹೊತ್ತಿಗೆ ಅವರ ದನಿ ಮೊಳಗುತ್ತದೆ. ಬರೆದು ಕಳಿಸಿದರೆ ಯಾರೋ ಗುಮಾಸ್ತ ಬರೆದದ್ದು, ದನಿ ಬಂದರೆ ಧಣಿಯದು. ನೌಕರರಿಗೆ ಹುಕುಂ ಬರುವುದೂ ಹೀಗೇ. ಬಂದ ಮೇಲೆ 'ಖರೇನೇನ್ರಿ' ಎಂದು ಕೇಳುವುದು ಅವರನ್ನು ಸುಳ್ಳುಗಾರ ಅಂದಂತೆ. ಇದನ್ನು ಯಾರೂ ನಿಯಮ ಮಾಡಿರಲಿಲ್ಲ. ನಿಯಮ ಮಾಡಿದ್ದರೆ ಯಾರಾದರೂ ಮುರಿಯುತ್ತಿದ್ದರು.

ಗಿರಣಿಯ ಕೋಣೆಯಲ್ಲಿ ಸಾವ್ಕಾರರಿಗೆ ಅದನ್ನು ಕೇಳಿಸಿದವಳು ನಾನೇ. ಅವರು ಪೂರ್ತಿ ಕೇಳಿದರು. ಮತ್ತೊಮ್ಮೆ ಹಚ್ಚು ಅಂದರು. ಆಮೇಲೆ ಕಣ್ಣು ಮುಚ್ಚಿಕೊಂಡು ಕೇಳಿದ ಪ್ರಶ್ನೆ ಇದು:

"ಇದನ್ನ ನಾ ಯಾವಾಗ ಹೇಳಿದ್ದೆ?"

ಹೇಳಿದ್ದೆನೇ ಎಂದಲ್ಲ. ಯಾವಾಗ ಎಂದು. ಮ್ಯಾನೇಜರರು ಗಾಬರಿಯಾಗಿ, "ನೀವು ಹೇಳಿಲ್ಲ ಬಿಡ್ರಿ ಧಣಿ. ಇದು ಕಂಪ್ಯೂಟರ್ ಮಾಡಿದ್ದು. ಈಗ ಎಐ ಬಂದೈತಲ್ರಿ, ದನಿ ಎತ್ತಿಕೊಂಡು ಹೋಗ್ತಾವ" ಅಂದರು.

"ನನ್ನ ದನಿ ಎಲ್ಲಿಂದ ಎತ್ತಿದ್ರು?"

ನಾನು ಬಾಯಿ ಬಿಟ್ಟೆ. "ದಿನಾ ನೀವೇ ಕಳಸ್ತೀರಲ್ರಿ. ಬೆಳಿಗ್ಗೆ, ಧಾರಣಿ."

ಅವರು ನನ್ನತ್ತ ನೋಡಿದ ನೋಟ ಸಿಟ್ಟಿನದಾಗಿರಲಿಲ್ಲ. ತನ್ನ ಬಾವಿಯ ನೀರೇ ಕೆಟ್ಟದ್ದು ಎಂದು ಕೇಳಿದವನ ನೋಟ.

ಆದರೆ ಮ್ಯಾನೇಜರರು ಮಾತು ಬೇರೆ ಕಡೆ ತಿರುಗಿಸಿದರು. ದನಿ ಹೊರಗಿನವರದು ಇರಲಿ. ಮಸ್ಕಿಯಲ್ಲಿ ಎರಡು ಗಾಡಿ ತುಂಬಿ ನಿಂತಿವೆ ಎಂಬುದು ಹೊರಗಿನವರಿಗೆ ಹೇಗೆ ಗೊತ್ತಾಯಿತು? ಕಾಟಾದಾಕಿ ಹೇಳಿದ್ದಾಳೆ, ಮತ್ತೆ ಯಾರು? "ಅಕಿನ್ನ ತಗೀರಿ ಧಣಿ. ಹೆಂಗೂ ಮಂದಿ ಇಲ್ಲದ ತಾನ ತೂಗೋ ಕಾಟಾ ಮಾರೋ ಕಂಪನಿಯವರು ಬಂದು ಹೋಗ್ಯಾರ. ಕ್ಯಾಮೆರಾನ ನಂಬರು ಓದ್ತೈತಿ, ಗೇಟು ತಾನ ತೆಗೀತೈತಿ. ಮಷಿನಿಗೆ ಯಾರ ದನಿನೂ ಕೇಳಂಗಿಲ್ಲ."

ಸಾವ್ಕಾರರು ಆಕೆಯನ್ನು ಮನೆಯಲ್ಲಿರಲು ಹೇಳಿದರು. ನನಗೆ ವರದಿ ಕೊಡಲು ಹೇಳಿದರು. ವಿಮೆಯವರಿಗೂ ಪೊಲೀಸರಿಗೂ ಅದೇ ಹೋಗಬೇಕು. ವರದಿ ಏನೆನ್ನುತ್ತದೋ ಅದರ ಮೇಲೆ ಆಕೆಯ ಕೆಲಸ. ಕೆಲಸವಷ್ಟೇ ಅಲ್ಲ. ಮಸ್ಕಿಯಂಥ ಊರಿನಲ್ಲಿ ಗಾಡಿ ಕಳಿಸಿಕೊಟ್ಟವಳು ಎಂಬ ಹೆಸರು ಬಿದ್ದರೆ, ತಕ್ಕಡಿ ಇರುವ ಯಾವ ಅಂಗಡಿಯೂ ಆಕೆಯನ್ನು ಒಳಗೆ ಕರೆಯುವುದಿಲ್ಲ.

ಕೆಲಸ ಶುರುವಾದದ್ದೇ ಎಡವಟ್ಟಿನಿಂದ. ನಾನು ಮಸ್ಕಿಯಿಂದ ಬರುವಷ್ಟರಲ್ಲಿ ಮ್ಯಾನೇಜರರು ಹೆದರಿ ಗಿರಣಿಯ ಕಂಪ್ಯೂಟರುಗಳನ್ನೂ ಇಂಟರ್ನೆಟ್ಟಿನ ರೂಟರನ್ನೂ ಆರಿಸಿ ಹಚ್ಚಿ ಮಾಡಿದ್ದರು. ನಮ್ಮ ರೂಟರು ಅಗ್ಗದ್ದು. ಆರಿಸಿದರೆ ಯಾರು ಯಾವಾಗ ಬಂದು ಹೋದರೆಂಬ ದಾಖಲೆ ಅಳಿಸಿಹೋಗುತ್ತದೆ. ಅಳಿಸಿತ್ತು. ಕಾಟಾದ ಕಂಪ್ಯೂಟರನ್ನು ಜಾಲದಿಂದ ಬಿಡಿಸಿ, ಅದರ ಡಿಸ್ಕಿನ ಪೂರ್ತಿ ನಕಲು ತೆಗೆದು ನೋಡಿದೆ. ಹೊರಗಿನವರು ಹೊಕ್ಕ ಗುರುತಿಲ್ಲ. ಗೇಟಿನ ಕ್ಯಾಮೆರಾದಲ್ಲಿ ಲಾರಿಗಳು ಹೋಗುವುದು ಕಾಣುತ್ತದೆ, ಆಕೆ ಫೋನನ್ನು ಕಿವಿಗೆ ಹಿಡಿದು ನಿಂತಿರುವುದು ಕಾಣುತ್ತದೆ. ಮ್ಯಾನೇಜರರಿಗೆ ಇದೇ ಸಾಕ್ಷಿ. "ನೋಡ್ರಿ, ಯಾರ ಕೂಡಾನೋ ಮಾತಾಡಾಕತ್ಯಾಳ." ಮಾತಾಡುತ್ತಿರಲಿಲ್ಲ, ಕೇಳುತ್ತಿದ್ದಳು. ತುಟಿ ಅಲ್ಲಾಡುತ್ತಿರಲಿಲ್ಲ. ನಾನು ಚಿತ್ರವನ್ನು ನಿಧಾನ ಮಾಡಿ ಮತ್ತೆ ಮತ್ತೆ ನೋಡಿದೆ, ಕೊನೆಗೆ ತುಟಿ ಅಲ್ಲಾಡಿದಂತೆಯೂ ಕಂಡಿತು. ನೋಡುವುದನ್ನು ನಿಲ್ಲಿಸಿದೆ.

ಇನ್ನೊಂದು ಪೆಟ್ಟು ವಾಚ್‌ಮನ್ನಿನಿಂದ. ಆತ ಆಕೆಯ ಫೋನಿನಿಂದ ಕಳಿಸಿಕೊಂಡ ಆ ಸಂದೇಶವನ್ನು ತಮಾಷೆಗೆಂದು ತನ್ನ ಭಜನಾ ಗುಂಪಿಗೆ ಹಾಕಿದ್ದ. ಅಲ್ಲಿಂದ ಅದು ಕಾಲುವೆಗುಂಟ ಹರಿಯಿತು. ಮರುದಿನ ಬೆಳಗಿನ ಧಾರಣೆ ಹೋದಾಗ ರೈತರಿಂದ ಫೋನುಗಳು ಶುರುವಾದವು. ಗಿರಣಿಯಲ್ಲಿ ಒಂದನ್ನು ನಾನೇ ಎತ್ತಿದೆ.

"ಇವತ್ತಿನ ರೇಟು ಹೇಳಿದ್ದು ಧಣಿನೋ, ಡೂಪ್ಲಿಕೇಟ್ ಧಣಿನೋ?"

"ಅವರೇ ರೀ."

"ನೀನರೆ ಖರೇದಾಕಿ ಹೌದಿಲ್ಲವಾ?"

ನಕ್ಕು ಫೋನಿಟ್ಟ. ಆದರೆ ಆ ವಾರ ಭತ್ತದ ಗಾಡಿಗಳು ಬೇರೆ ಗಿರಣಿಗಳತ್ತ ತಿರುಗಿದವು. ಸಾವ್ಕಾರರು ಕಿಟಕಿಯಿಂದ ಬರಿದಾದ ಅಂಗಳ ನೋಡುತ್ತ ಕೂತಿರುತ್ತಿದ್ದರು. ನಾನು ಒಳಗೆ ಬಂದರೆ ಮಾತಾಡುವುದಕ್ಕೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮೊದಲೂ ಹೀಗೆ ಮಾಡುತ್ತಿದ್ದರೋ ಏನೋ, ನನಗೆ ಈಗ ಕಂಡಿತು.

ಇತ್ತ ನಾನೂ ಬಸ್ಸಿನಲ್ಲಿ ಕೂತಾಗ ಮನೆಯಿಂದ ಮಗಳು ಫೋನು ಮಾಡಿದರೂ ಆಕೆಯೇ ಹೌದೋ ಎಂದು ಮೊದಲು ಉಸಿರು ಕೇಳುತ್ತಿದ್ದೆ. "ಅವ್ವಾ, ಯಾಕ ಮಾತಾಡವಲ್ಲಿ?" ಅನ್ನುತ್ತಿದ್ದಳು.

ಉತ್ತರ ಸಿಕ್ಕಿದ್ದು ಕಾಟಾದ ಕಂಪ್ಯೂಟರಿನಲ್ಲಲ್ಲ, ಗಿರಣಿಯ ಮೇಲ್‌ನಲ್ಲಿ. ಮಸ್ಕಿಯಲ್ಲಿ ಗಾಡಿ ತುಂಬಿದ ಕೂಡಲೇ ಸಾಫ್ಟ್‌ವೇರು ತಾನೇ ಒಂದು ಮೇಲ್ ಮ್ಯಾನೇಜರರಿಗೆ ಕಳಿಸುತ್ತದೆ. ಅವರ ಮೇಲ್‌ನ ಸೆಟ್ಟಿಂಗಿನಲ್ಲಿ, ಸಾಮಾನ್ಯವಾಗಿ ಯಾರೂ ಇಳಿಯದ ಮೂಲೆಯಲ್ಲಿ, ಒಂದು ನಿಯಮ ಕೂತಿತ್ತು: ಮಸ್ಕಿಯಿಂದ ಬಂದ ಮೇಲ್‌ಗಳ ಒಂದೊಂದು ಪ್ರತಿ ಯಾವುದೋ ಅಪರಿಚಿತ ವಿಳಾಸಕ್ಕೆ ಹೋಗಲಿ. ಅದನ್ನು ಹಾಕಿದವರು ನಾವಲ್ಲ. ಹಿಂದಕ್ಕೆ ಹೋಗುತ್ತ ನೋಡಿದರೆ, ಅಕ್ಕಿಯ ಬಣ್ಣ ನೋಡಿ ಕಪ್ಪು ಕಾಳು ಆರಿಸುವ ಕ್ಯಾಮೆರಾ ಯಂತ್ರವಿದೆಯಲ್ಲ, ಅದರ ಕಂಪನಿಯ ಹೆಸರಿನಲ್ಲಿ ಒಂದು ಮೇಲ್ ಬಂದಿತ್ತು. ಅಪ್‌ಡೇಟ್ ಮಾಡಿ, ಇಲ್ಲದಿದ್ದರೆ ಯಂತ್ರ ನಿಲ್ಲುತ್ತದೆ. ಒತ್ತಿದರೆ ಪಾಸ್‌ವರ್ಡ್ ಕೇಳುವ ಪುಟ. ಕಂಪನಿಯದಲ್ಲ, ನೋಡಲು ಅಂಥದ್ದೇ.

ಮ್ಯಾನೇಜರರನ್ನು ಒಬ್ಬರನ್ನೇ ಕರೆದು ತೋರಿಸಿದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು.

"ನಾ ಏನ್ ಮಾಡಿಲ್ಲ ಮೇಡಂ. ಮಷಿನ್ ನಿಂದರ್ತೈತಿ ಅಂತ ಬಂತು, ಒತ್ತಿದೆ, ಪಾಸ್‌ವರ್ಡ್ ಕೇಳ್ತು, ಹಾಕಿದೆ. ಸುಗ್ಗಿಯಾಗ ಮಷಿನ್ ನಿಂತ್ರ ನನ್ನ ಇಡ್ತಾರೇನು?" ಕನ್ನಡಕ ಹಾಕಿಕೊಂಡು, "ಆ ಮಷಿನ್ ಬಂದಾಗಿನಿಂದ ಹೆಂಗೂ ನನಗ ಕೆಲಸ ಕಡಿಮಿನ ಆಗೈತಿ. ಮೊದಲು ಅಕ್ಕಿ ಅಂಗೈಯಾಗ ಹಾಕ್ಕೊಂಡು ನಾ ಹೇಳಿದ್ದ ದರ್ಜೆ. ಈಗ ಅದು ಹೇಳ್ತೈತಿ, ನಾ ಸಹಿ ಹಾಕ್ತೀನಿ. ನನ್ನ ಹೆಸರು ಬರೀಬ್ಯಾಡ್ರಿ" ಅಂದರು.

ಆಕೆಯನ್ನು ತೆಗೆಯಿರಿ ಎಂದ ಬಾಯಿ ಇದೇ. ಆದರೂ ನನಗೆ ಸಿಟ್ಟು ಬರಲಿಲ್ಲ. ವರದಿಯಲ್ಲಿ ಯಾರ ಹೆಸರಿರುತ್ತದೋ ಅವರ ಕುರ್ಚಿಗೆ ಒಂದು ಯಂತ್ರ ಬರುತ್ತದೆ, ಅಷ್ಟೇ. ಆಕೆಯ ಹೆಸರು ಹೊಡೆದು ಇವರದ್ದು ಬರೆದರೆ ನನ್ನ ಕೆಲಸ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿದರೂ ಆಕೆ ಪೂರ್ತಿ ಪಾರಾಗುತ್ತಿರಲಿಲ್ಲ. ಸುದ್ದಿ ಹೊರಬಿದ್ದದ್ದು ಗಿರಣಿಯಿಂದ, ಸರಿ. ಗಾಡಿ ಬಿಟ್ಟದ್ದು ಆಕೆಯೇ. ಯಾಕೆ ಫೋನು ಮಾಡಿ ಕೇಳಲಿಲ್ಲ? ವಿಮೆಯವರು ಕೇಳುವ ಪ್ರಶ್ನೆ ಇದು. 'ನಮ್ಮಲ್ಲಿ ಕೇಳುವ ಪದ್ಧತಿ ಇಲ್ಲ' ಎಂದು ಬರೆದರೆ ಸಾವ್ಕಾರರು ಸಹಿ ಹಾಕುತ್ತಾರೆಯೇ?

ಮಸ್ಕಿಯಲ್ಲಿ ಆಕೆಯ ಮನೆಗೆ ಹೋದೆ. ಬಾಗಿಲಲ್ಲಿ ಕೂತು ಶೇಂಗಾ ಒಡೆಯುತ್ತಿದ್ದಳು. ಒಳಗೆ ಕರೆಯಲಿಲ್ಲ, ಚಾಪೆ ಸರಿಸಿದಳು.

"ಏನ್ ಬರದೀರಿ ಮೇಡಂ ನನ್ನ ಮ್ಯಾಲ?"

"ಇನ್ನೂ ಬರದಿಲ್ಲಕ್ಕಾ. ಒಂದು ಕೇಳ್ತೀನಿ. ಯಾವತ್ತರೆ ಅವ್ರನ್ನ ತಿರುಗಿ ಕೇಳಿದ್ರೇನು?"

ಆಕೆ ಶೇಂಗಾ ಒಡೆಯುವುದನ್ನು ನಿಲ್ಲಿಸಲಿಲ್ಲ. "ಕೇಳಿದ್ದೆ. ಹ್ವಾದ ಸುಗ್ಗಿಯಾಗ, ಒಂದ್ಸಲ."

"ಏನಂದ್ರು?"

ಸೆರಗಿಗೆ ಕೈ ಒರೆಸಿ ಫೋನು ತೆಗೆದಳು. ಗಿರಣಿ, ಯಾರ್ಡಿನ ನೌಕರರೆಲ್ಲ ಇರುವ, ನಾನಿಲ್ಲದ ಗುಂಪಿನಲ್ಲಿ, ಎಲ್ಲರೂ ಕೇಳುವಂತೆ ಸಾವ್ಕಾರರು ಹಾಕಿದ ದನಿ ಅದು.

"ನಾ ಹೇಳಿದ್ದು ತಿಳಿಯಂಗಿಲ್ಲೇನ್ ನಿನಗ? ತಿರುಗಿ ಕೇಳಾಕ ನೀ ಯಾರು? ತೂಗಾಕ ಇಟ್ಟೀನಿ, ತೂಗು. ಬಾಯಿ ತೆಗೀಬ್ಯಾಡ."

'ಸರೇನಾ' ಇರಲಿಲ್ಲ. ಸಿಟ್ಟಿನಲ್ಲಿದ್ದಾಗ ಅವರು ಅದನ್ನು ಹೇಳುವುದಿಲ್ಲವೇನೋ.

"ಇದನ್ನ ಯಾಕ ಇಟಗೊಂಡೀರಿ? ಅಳಿಸಿಬಿಡಬಾರದಿತ್ತಾ?"

"ಅಳಿಸಿದ್ರ ನಾನ ಮರತುಬಿಡ್ತೀನಿ ತಂಗಿ. ಅವ್ರು ದೊಡ್ಡವ್ರು, ಹಂಗೆಲ್ಲಾ ಅಂದಿರಾಕಿಲ್ಲ ಅನಸ್ತೈತಿ ನನಗ. ಆಗ ಒಂದ್ಸಲ ಕೇಳ್ತೀನಿ. ಅಂದಾರ."

ತಂಗಿ ಅಂದಳು. ನಾನು ಆ ಸಂದೇಶವನ್ನು ನನ್ನ ಫೋನಿಗೆ ಕಳಿಸಿಕೊಂಡೆ.

ಬಸ್ಸಿನಲ್ಲಿ ಕೂತಾಗ ಮನಸ್ಸು ಗಟ್ಟಿಯಾಯಿತು ಎಂದು ಬರೆದರೆ ಓದಲು ಚೆಂದ. ಹಾಗಾಗಲಿಲ್ಲ. ಸಿಂಧನೂರಿನಲ್ಲಿಳಿದ ಮೇಲೂ ಎರಡು ವರದಿ ನನ್ನ ತಲೆಯಲ್ಲಿದ್ದವು, ಒಂದು ಆಕೆಯ ಮೇಲೆ, ಒಂದು ಮ್ಯಾನೇಜರರ ಮೇಲೆ. ಗಿರಣಿಯ ಹೊರಗಿನ ಚಹಾದಂಗಡಿಯಲ್ಲಿ ಕೂತು, ಸಾವ್ಕಾರರ ಬೆಳಗಿನ ಧಾರಣೆಯ ಸಂದೇಶಗಳನ್ನು ದನಿ ನಕಲು ಮಾಡುವ ಒಂದು ಸಾಫ್ಟ್‌ವೇರಿಗೆ ಕೊಟ್ಟೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದದ್ದು. ಹೇಳಬೇಕಾದ ಮಾತನ್ನು ಬರೆದೆ. ಚಹಾ ಆರುವುದರೊಳಗೆ ಸಾವ್ಕಾರರು ನನ್ನ ಕಿವಿಯಲ್ಲಿ ಮಾತಾಡಿದರು. ಕಳ್ಳರು ಮಾಡಿದ ಕೆಲಸವನ್ನೇ ನಾನೂ ಮಾಡಿದ್ದೆ, ಅಷ್ಟೇ ಸುಲಭವಾಗಿ.

ಕೋಣೆಯಲ್ಲಿ ಸಾವ್ಕಾರರು, ಮ್ಯಾನೇಜರರು, ನಾನು. ಮೇಲ್‌ನ ಸಂಗತಿಯನ್ನು ಮೊದಲು ಹೇಳಿದೆ, ಯಾರು ಒತ್ತಿದರೆಂದು ಹೇಳಲಿಲ್ಲ. ಮ್ಯಾನೇಜರರು ನೆಲ ನೋಡುತ್ತಿದ್ದರು. ಆಮೇಲೆ ಹೇಳಿದೆ: "ಧಣಿ, ಎರಡು ಸಂದೇಶ ಹಚ್ಚತೀನಿ. ಎರಡೂ ಕಾಟಾದಕ್ಕಗ ಹೇಳಿದ್ದು. ಒಂದು ನಿಮ್ಮದು, ಒಂದು ಮಷಿನಿನದು. ಯಾವುದು ಯಾವುದು ಹೇಳ್ರಿ."

"ನನ್ನ ದನಿ ನನಗ ಗೊತ್ತಾಗಂಗಿಲ್ಲೇನು?" ಅಂದರು. ನಗುತ್ತಲೇ.

ಮೊದಲನೆಯದು: "ನೋಡಮ್ಮಾ, ಸಂಶಯ ಬಂದ್ರ ಒಂದ್ ಮಾತು ನನಗ ಫೋನ್ ಮಾಡಿ ಕೇಳು. ಅದರಾಗ ತಪ್ಪೇನಿಲ್ಲ. ಸರೇನಾ?"

ಎರಡನೆಯದು ಆ ಬೈಗುಳ.

"ಮೊದಲಿಂದು ನಂದು" ಅಂದರು. ಯೋಚಿಸಲೂ ಇಲ್ಲ. "ಎರಡನೇದು ಸುಳ್ಳ. ಹೆಣ್ಮಗಳಿಗೆ ನಾ ಹಂಗ ಬೈಯಂಗಿಲ್ಲ. ಆ ಮೊದಲಿಂದು ಹೇಳಿದ್ದು ನೆನಪೈತಿ ನನಗ. ಹ್ವಾದ ವರ್ಷ, ಮಳಿ ಇತ್ತು."

ಮ್ಯಾನೇಜರರು ತಲೆಯೆತ್ತಿದರು. ಆ ಗುಂಪಿನಲ್ಲಿ ಅವರೂ ಇದ್ದರು. ಬೈಗುಳವನ್ನು ಅಂದೇ ಕೇಳಿದ್ದರು. ಮತ್ತೆ ನೆಲ ನೋಡಿದರು.

"ಮೊದಲಿಂದು ನಾ ಈಗ ಹೊರಗ ಚಹಾ ಅಂಗಡ್ಯಾಗ ಮಾಡಿದ್ದು ಧಣಿ" ಅಂದೆ.

ಆಮೇಲೆ ಏನಾಯಿತೆಂಬುದರಲ್ಲಿ ನನ್ನ ಮೇಲೆ ನನಗೇ ನಂಬಿಕೆಯಿಲ್ಲ. ಅವರು ನೀರು ಕೇಳಿ ಕುಡಿದರು ಎಂದು ನನಗೆ ಕಾಣುತ್ತದೆ. ಮ್ಯಾನೇಜರರು ನೀರೇ ಇರಲಿಲ್ಲ ಅನ್ನುತ್ತಾರೆ. ಫೋನು ಇಸಿದುಕೊಂಡು ಎರಡನೆಯದನ್ನು ತಾವೇ ಹಚ್ಚಿದ್ದು ಮಾತ್ರ ಇಬ್ಬರಿಗೂ ನೆನಪಿದೆ. ಒಮ್ಮೆ ಕೇಳಿದರು. ಮತ್ತೆ ಹಚ್ಚಲಿಲ್ಲ.

"ಇದನ್ನ ಕೇಳಿದ ಮ್ಯಾಲ ಯಾರು ತಿರುಗಿ ಫೋನ್ ಮಾಡ್ತಾರ್ರಿ?" ಅಂದೆ. ಬಹಳ ಮೆಲ್ಲಗೆ ಅಂದೆ ಎಂದುಕೊಂಡಿದ್ದೇನೆ.

"ನನ್ನ ದನಿ ಕದ್ದಿ ನೀ" ಅಂದರು. ಫೋನು ತಿರುಗಿ ನನ್ನ ಕೈಗೆ ಕೊಟ್ಟು, "ಬರಿ. ಕೇಳೋ ಪದ್ಧತಿ ಇರಲಿಲ್ಲ ಅಂತ ಬರಿ. ಸಹಿ ಹಾಕ್ತೀನಿ."

ಆಕೆಯ ಬಗ್ಗೆ ಹೇಳಿದ್ದು ಅರ್ಧ: ಸುಗ್ಗಿ ಮುಗಿಯುವವರೆಗೆ ಕೂತಿರಲಿ, ಆಮೇಲೆ ಆ ತಾನೇ ತೂಗುವ ಕಾಟಾದ ಕಂಪನಿಯವರು ಬರುತ್ತಾರೆ, ನೋಡೋಣ. ಕಳ್ಳತನದ ಹೆಸರು ತಪ್ಪಿತು. ಕುರ್ಚಿ ತಪ್ಪುವುದು ಮುಂದಕ್ಕೆ ಹೋಯಿತು.

ಹೊಸ ಪದ್ಧತಿ ಬರೆದೆವು. ದನಿಯಲ್ಲಿ ಬಂದ ಹುಕುಂಗೆ ಗಾಡಿ ಅಲ್ಲಾಡುವಂತಿಲ್ಲ. ನಮಗೆ ಗೊತ್ತಿರುವ ನಂಬರಿಗೆ ತಿರುಗಿ ಫೋನು ಮಾಡಬೇಕು. ಈಗ ಫೋನಿನ ಎದುರುಬದುರು ಮಾತಿನಲ್ಲೂ ದನಿ ಬದಲಿಸುತ್ತಾರಾದ್ದರಿಂದ, ಯಾವ ಫೋನಿನಲ್ಲೂ ಉತ್ತರ ಸಿಗದ ಒಂದು ಪ್ರಶ್ನೆ ಕೇಳಬೇಕು. ಉತ್ತರ ಸರಿಬಿದ್ದರೆ ಗಾಡಿ ಬಿಡಬೇಕು. ಇದನ್ನು ಎಲ್ಲರ ಮುಂದೆ ಹೇಳಲು ಸಾವ್ಕಾರರೇ ಮಸ್ಕಿಗೆ ಬಂದರು. ಹೇಳಿದರು, ಹೋದರು. ಆಕೆಯ ಮುಖ ನೋಡಲಿಲ್ಲ.

ಕೆಲವು ದಿನಗಳ ಮೇಲೆ, ನಾನು ಯಾರ್ಡಿನ ಕ್ಯಾಮೆರಾ ಸರಿಮಾಡುತ್ತಿದ್ದಾಗ, ಅವರ ದನಿ ಬಂತು. ಗಿರಣಿಯಲ್ಲಿ ಜಾಗವಿಲ್ಲ, ತುಂಬಿದ ಗಾಡಿಯನ್ನು ಬೇರೆ ಗೋದಾಮಿಗೆ ಕಳಿಸು. ಆಕಾಶದಲ್ಲಿ ಮೋಡ ಕಟ್ಟಿತ್ತು. ಗಾಡಿಯ ಮೇಲೆ ತಾಡಪತ್ರಿ ಸರಿಯಾಗಿ ಬಿಗಿದಿರಲಿಲ್ಲ. ಡ್ರೈವರು ಹಾರ್ನು ಬಾರಿಸತೊಡಗಿದ.

ಆಕೆ ನನ್ನತ್ತ ನೋಡಿದಳು. ಆಮೇಲೆ ಧಣಿಯ ಹಳೇ ನಂಬರಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದಳು.

"ನೀವೇನ್ರಿ?"

"ಮತ್ಯಾರಮ್ಮಾ?"

"ಒಂದು ಕೇಳ್ತೀನ್ರಿ. ಮೊನ್ನೆ ಇಲ್ಲಿಗೆ ಬಂದಾಗ ಎಲ್ಲಿ ಕುಂತಿದ್ರಿ?"

ಅತ್ತ ಕಡೆಯಿಂದ, "ಕುರ್ಚಿ ಮ್ಯಾಲ."

"ಚೀಲದ ಮ್ಯಾಲ ಕುಂತಿದ್ರಿ ನೀವು."

ಗೇಟಿನಿಂದ ವಾಚ್‌ಮನ್ ಕೂಗಿದ. "ಎಲ್ಲೈತಿ ಬೇ ಚೀಲ? ಧಣಿ ಕುಂತೇ ಇಲ್ಲ ಅವತ್ತು."

ನನಗೆ ಅವರು ಬಾಗಿಲಿಗೆ ಒರಗಿ ನಿಂತದ್ದು ಸ್ಪಷ್ಟವಾಗಿ ನೆನಪಿತ್ತು. ಹೇಳಲಿಲ್ಲ. ಕಾವಲಿಗೆಂದು ನಾನು ಬರೆದ ಪದ್ಧತಿಯಲ್ಲಿ ಇದಕ್ಕೆ ಜಾಗವಿರಲಿಲ್ಲ: ಕೇಳುವವರಿಗೂ ಹೇಳುವವರಿಗೂ ನೆನಪು ಒಂದೇ ಇರುತ್ತದೆ ಎಂದುಕೊಂಡು ಬರೆದಿದ್ದೆ.

"ಮಳಿ ಬರ್ತೈತಿ, ಗಾಡಿ ಬಿಡಮ್ಮಾ" ಅಂತು ದನಿ. ಸಿಟ್ಟು ಏರುತ್ತಿತ್ತು. "ತಿಳಿಯಂಗಿಲ್ಲೇನ್ ನಿನಗ?"

ಆಕೆ ಕಣ್ಣು ಮುಚ್ಚಿ ತೆರೆದಳು. "ಬಿಡಂಗಿಲ್ರಿ. ನೀವ ಬರ್ರಿ." ಫೋನು ಇಟ್ಟಳು. ಆಮೇಲೆ ನನಗೆ, "ಮುಗೀತು ತಂಗಿ ನನ್ನ ನೌಕರಿ. ಸುಗ್ಗಿತನಕನೂ ಇಲ್ಲ" ಅಂದಳು. ಡ್ರೈವರು ಇಳಿದು ಬಂದು ಬೈದ. ನಾನೂ ವಾಚ್‌ಮನ್ನೂ ಹತ್ತಿ ತಾಡಪತ್ರಿ ಬಿಗಿದೆವು. ಹನಿ ಬೀಳತೊಡಗಿತು.

ಸಿಂಧನೂರಿನಿಂದ ಅವರ ಕಾರು ಬರುವ ಹೊತ್ತಿಗೆ ಹನಿ ನಿಂತಿತ್ತೋ ಜೋರಾಗಿತ್ತೋ, ನಾನು ಎರಡು ರೀತಿಯಲ್ಲೂ ಜನರಿಗೆ ಹೇಳಿದ್ದೇನೆ. ಸಾವ್ಕಾರರು ಇಳಿದು, ನೇರ ಕಾಟಾದ ಕೋಣೆಯ ಬಾಗಿಲಿಗೆ ಬಂದರು.

"ಈಗರೆ ನಾನ ಹೌದೇನು?"

ಆಕೆ ಎದ್ದು ನಿಂತಳು. ಅವರನ್ನು ಮೇಲಿನಿಂದ ಕೆಳಗೆ ನೋಡಿದಳು. ಆ ನೋಟಕ್ಕೆ ಬೇಕಾದಷ್ಟು ಹೊತ್ತು ತೆಗೆದುಕೊಂಡಳು.

"ಹೌದ್ರಿ."

ಕೂತು ಪಾಸು ಮಾಡಿದಳು. ಗಾಡಿ ಹೋಯಿತು. ಅದು ರಸ್ತೆಗೆ ತಿರುಗುವವರೆಗೆ ಅವರು ಬಾಗಿಲಲ್ಲೇ ನಿಂತಿದ್ದರು. ಹೊರಡುತ್ತಾರೆಂದುಕೊಂಡೆ. ಆಕೆಯೂ ಹಾಗೇ ಅಂದುಕೊಂಡಿದ್ದಳು, ಡಬ್ಬಿ, ಛತ್ರಿ ಚೀಲಕ್ಕೆ ಹಾಕತೊಡಗಿದ್ದಳು.

"ಮಷಿನಿನವರಿಗೆ ಬರಬ್ಯಾಡ ಅಂತ ಹೇಳ್ತೀನಿ" ಅಂದರು. "ಸುಗ್ಗಿ ಮುಗದ ಮ್ಯಾಲೂ ನೀ ಇಲ್ಲೇ ಇರು. ಕಾಟಾ ನಿಂದ. ಸರೇನಾ?"

ಆಕೆ ಚೀಲದಿಂದ ಕೈ ತೆಗೆಯಲಿಲ್ಲ.

"ಬರದು ಕೊಡ್ರಿ" ಅಂದಳು.

ವಾಚ್‌ಮನ್ ಬೀಡಿ ಕೆಳಗೆ ಹಾಕಿದ. ಸಾವ್ಕಾರರು ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ಅಂಗಿಯ ಮೇಲಿನ ಜೇಬು ಮುಟ್ಟಿಕೊಂಡರು, ಆಮೇಲೆ ಪಕ್ಕದ ಜೇಬು. ಪೆನ್ನು ಇರಲಿಲ್ಲ. ಬಾಯಿಮಾತಿನಲ್ಲೇ ಗಿರಣಿ ಕಟ್ಟಿದ ಮನುಷ್ಯ, ಇಟ್ಟುಕೊಂಡಿರುವುದಾದರೂ ಯಾಕೆ.

ನಾನು ನನ್ನದನ್ನು ಕೊಟ್ಟೆ. ಅವರು ಭತ್ತದ ಚೀಲದ ಮೇಲೆ ಕೂತರು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡರು, ಬರೆಯತೊಡಗಿದರು.